ಕಡಲು ಕೊಡುವುದು, ಕಡಲು ಕೊಳ್ಳುವುದು

ಹೊಲಕ್ಕೆ ಬದುವುಂಟು, ಗದ್ದೆಗೆ ಅಂಚುಂಟು, ಊರಿಗೆ ಗಡಿಕಲ್ಲುಂಟು. ಅಜ್ಜನ ಕಾಲದಲ್ಲಿ ಸರ್ವೆಯವರು ಅಳೆದು ನೆಟ್ಟ ಕಲ್ಲು ಮೊಮ್ಮಗನ ಕಾಲದಲ್ಲಿಯೂ ನೆಟ್ಟಲ್ಲಿಯೇ ನಿಂತಿರುತ್ತದೆ. ಕಡಲದಂಡೆಗೆ ಮಾತ್ರ ಅಂಥ ಗಡಿ ಇಲ್ಲ. ನಮ್ಮ ಕರಾವಳಿಯ ಕೆಲವು ಊರುಗಳಲ್ಲಿ ಪಹಣಿಯಲ್ಲಿ ಹೆಸರಿರುವ ಹಿತ್ತಿಲು ಮತ್ತು ತೀರ್ವೆ ಕಟ್ಟಿದ ತೆಂಗಿನ ತೋಟ ಇಂದು ನೀರಿನಡಿಯಲ್ಲಿವೆ. ಇನ್ನು ಕೆಲವು ಕಡೆ, ಹಿಂದೆ ದೋಣಿ ಓಡಿದ ಜಾಗದಲ್ಲಿ ಈಗ ಗಾಳಿಮರದ ತೋಪು ನಿಂತಿದೆ.

ಇದನ್ನು ಕಂಡು ಕಡಲು ಮುನಿದಿದೆ ಎನ್ನುವವರುಂಟು. ಕಲ್ಲು ಹಾಕಿಸಿದರೆ ಎಲ್ಲವೂ ಸರಿಯಾಗುತ್ತದೆ ಎನ್ನುವವರೂ ಉಂಟು. ಎರಡು ಮಾತಿನಲ್ಲಿಯೂ ವಿಚಾರ ಪೂರ್ತಿಯಾಗಲಿಲ್ಲ. ಕಡಲಿಗೆ ಮುನಿಸಿಲ್ಲ, ಅದಕ್ಕೆ ಒಂದು ನಿಯಮವಿದೆ. ಆ ನಿಯಮವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮರಳುದಂಡೆಯೆಂಬುದು ಜಮಾ-ಖರ್ಚಿನ ಒಂದು ಲೆಕ್ಕ. ಬಂದ ಮರಳು ಹೋದ ಮರಳಿಗಿಂತ ಹೆಚ್ಚಾದರೆ ದಂಡೆ ಬೆಳೆಯುತ್ತದೆ, ಕಡಿಮೆಯಾದರೆ ಕರಗುತ್ತದೆ. ಈ ಲೆಕ್ಕವನ್ನು ತಿಳಿದ ಊರು ತನ್ನ ಮನೆಮಾರುಗಳನ್ನು ಉಳಿಸಿಕೊಳ್ಳುವ ದಾರಿಯನ್ನು ಕಾಣಬಲ್ಲುದು. ಆದ್ದರಿಂದ ತೆರೆ, ಉಬ್ಬರ, ನದಿ ಇವು ಮೂರೂ ಕೂಡಿ ದಂಡೆಯನ್ನು ಹೇಗೆ ಕಟ್ಟುತ್ತವೆ, ಹೇಗೆ ಕೆಡಹುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ತೆರೆ ಏಳುವುದು ಹೇಗೆ?

ಕೆರೆಯ ಮೇಲೆ ಗಾಳಿ ಬೀಸಿದರೆ ನೀರು ಸುಕ್ಕುಗಟ್ಟುತ್ತದೆ. ಕಡಲಿನ ತೆರೆಯೂ ಹೀಗೆಯೇ ಹುಟ್ಟುವುದು. ಗಾಳಿಯ ಬಿರುಸು ಎಷ್ಟು, ಅದು ಎಷ್ಟು ಹೊತ್ತು ಬೀಸಿತು, ಎಷ್ಟು ದೂರದವರೆಗೆ ಅಡೆತಡೆಯಿಲ್ಲದೆ ನೀರಿನ ಮೇಲೆ ಸಾಗಿತು, ಈ ಮೂರರ ಮೇಲೆ ತೆರೆಯ ಗಾತ್ರ ನಿಲ್ಲುತ್ತದೆ. ಅರಬ್ಬೀ ಸಮುದ್ರದ ಮೇಲೆ ನೈಋತ್ಯ ಮಾರುತವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾವಿರಾರು ಕಿಲೋಮೀಟರ್ ದೂರ ಒಂದೇ ಸಮನೆ ಬೀಸುತ್ತದೆ. ಆದ್ದರಿಂದಲೇ ಬೇಸಗೆಯಲ್ಲಿ ಮೊಣಕಾಲೆತ್ತರಕ್ಕೆ ಬಂದು ಮಗುವಿನಂತೆ ಆಡುವ ತೆರೆ, ಮಳೆಗಾಲದಲ್ಲಿ ದಂಡೆಯಿಂದಾಚೆಗೆ ಮೂರು ನಾಲ್ಕು ಮೀಟರಿನಷ್ಟು ಎದ್ದು ಬರುತ್ತದೆ. ತೆರೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ಮಳೆಗಾಲದ ಕಡಲು ಕೆಲವೇ ದಿನಗಳಲ್ಲಿ ಮಾಡುವ ಹಾನಿಗೆ ಇದೇ ಕಾರಣ.

ದೂರದಿಂದ ನೋಡಿದರೆ ನೀರೇ ನಮ್ಮ ಕಡೆಗೆ ಓಡಿ ಬರುವಂತೆ ತೋರುತ್ತದೆ. ಆದರೆ ದಂಡೆಯಿಂದ ದೂರದಲ್ಲಿ ತೇಲುವ ತೆಂಗಿನಕಾಯಿಯನ್ನು ಗಮನಿಸಿ. ತೆರೆ ಬಂದಾಗ ಅದು ಮೇಲೇರಿ ತುಸು ಮುಂದೆ ಬರುತ್ತದೆ, ತೆರೆ ದಾಟಿದ ಮೇಲೆ ಕೆಳಗಿಳಿದು ಬಹುಮಟ್ಟಿಗೆ ಮೊದಲಿದ್ದಲ್ಲಿಗೇ ಮರಳುತ್ತದೆ. ಅಲ್ಲಿ ನೀರು ಸುತ್ತುವುದೇ ಹೊರತು ಸಾಗುವುದಿಲ್ಲ, ಸಾಗುವುದು ಶಕ್ತಿ ಮಾತ್ರ. ಒಂದು ತೆರೆಯ ನೆತ್ತಿಯಿಂದ ಮುಂದಿನ ತೆರೆಯ ನೆತ್ತಿಗಿರುವ ದೂರದ ಅರ್ಧಕ್ಕಿಂತ ನೀರಿನ ಆಳ ಕಡಿಮೆಯಾದಾಗ ತೆರೆಗೆ ತಳ ಮುಟ್ಟತೊಡಗುತ್ತದೆ. ಆಗ ಅದರ ವೇಗ ಕುಗ್ಗಿ, ಬೆನ್ನು ಏರುತ್ತದೆ. ನೀರಿನ ಆಳವು ತೆರೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ತೆರೆ ಮುಗ್ಗರಿಸಿ ಒಡೆಯುತ್ತದೆ. ದೂರದ ಗಾಳಿಯಿಂದ ಹೊತ್ತು ತಂದ ಶಕ್ತಿಯೆಲ್ಲವೂ ಆಗ ಮರಳನ್ನು ಕದಡುವುದಕ್ಕೂ ಬಂಡೆಯನ್ನು ಬಡಿಯುವುದಕ್ಕೂ ವೆಚ್ಚವಾಗುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆಂಬುದನ್ನು ನೆನೆದರೆ ಆ ಏಟಿನ ಭಾರ ಎಷ್ಟೆಂಬುದು ಅರ್ಥವಾದೀತು.

ಉಬ್ಬರ ಮತ್ತು ಇಳಿತ

ತೆರೆಗೆ ಗಾಳಿ ಕಾರಣವಾದರೆ ಉಬ್ಬರಕ್ಕೆ ಚಂದ್ರ ಕಾರಣ. ಚಂದ್ರನು ಭೂಮಿಯನ್ನು ಸೆಳೆಯುವಾಗ ತನಗೆ ಹತ್ತಿರವಿರುವ ಮಗ್ಗುಲಿನ ನೀರನ್ನು ಹೆಚ್ಚಾಗಿಯೂ ದೂರದ ಮಗ್ಗುಲಿನ ನೀರನ್ನು ಕಡಿಮೆಯಾಗಿಯೂ ಸೆಳೆಯುತ್ತಾನೆ. ಈ ಅಂತರದಿಂದ ಎರಡು ಮಗ್ಗುಲಲ್ಲಿಯೂ ನೀರು ಉಬ್ಬುವ ಪ್ರವೃತ್ತಿ ಉಂಟಾಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಅಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮುಂದೆ ಸರಿದಿರುವುದರಿಂದ ಇಂದಿನ ಉಬ್ಬರಕ್ಕಿಂತ ನಾಳಿನ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ.

ಸೂರ್ಯನಿಗೂ ಇದರಲ್ಲಿ ಪಾಲುಂಟು, ಆದರೆ ಅದು ಚಂದ್ರನ ಪಾಲಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರಿಬ್ಬರೂ ಒಂದೇ ಸಾಲಿನಲ್ಲಿ ನಿಂತು ಸೆಳೆಯುವುದರಿಂದ ಆ ದಿನಗಳಲ್ಲಿ, ಅಥವಾ ಒಂದೆರಡು ದಿನ ಕಳೆದು, ದೊಡ್ಡ ಉಬ್ಬರ ಬರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಒಬ್ಬರ ಸೆಳೆತಕ್ಕೆ ಇನ್ನೊಬ್ಬರದು ಅಡ್ಡವಾಗಿ, ಉಬ್ಬರವೂ ಇಳಿತವೂ ಸಣ್ಣದಾಗಿರುತ್ತವೆ. ತಿಥಿ ನೋಡಿ ದೋಣಿ ಇಳಿಸುವ ಮೀನುಗಾರ ಬಂಧುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉಬ್ಬರದ ಎತ್ತರ ಎಲ್ಲ ಕಡೆಯೂ ಒಂದೇ ಅಲ್ಲ. ದೊಡ್ಡ ಉಬ್ಬರದ ದಿನಗಳಲ್ಲಿ ಏರಿಕೆ ಇಳಿತಗಳ ನಡುವಣ ಅಂತರ ಮಂಗಳೂರಿನ ಬಳಿ ಸುಮಾರು ಒಂದೂವರೆ ಮೀಟರು. ಉತ್ತರಕ್ಕೆ ಹೋದಂತೆ ಅದು ಹೆಚ್ಚಿ ಕಾರವಾರದಲ್ಲಿ ಎರಡು ಮೀಟರಿಗೆ ಸಮೀಪಿಸುತ್ತದೆ. ಇನ್ನೂ ಉತ್ತರದಲ್ಲಿ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ಭೂಮಿ ಎರಡೂ ಕಡೆಯಿಂದ ಆಲಿಕೆಯಂತೆ ಕಿರಿದಾಗುತ್ತ ಬರುವುದರಿಂದ ಒಳನುಗ್ಗಿದ ನೀರಿಗೆ ಜಾಗ ಸಾಲದೆ 10 ಮೀಟರಿನಷ್ಟು ಏರುವುದೂ ಉಂಟು.

ಹಾಗಾದರೆ ದಂಡೆಯ ಮೇಲೆ ಉಬ್ಬರದ ಕೆಲಸವೇನು? ಮೊದಲನೆಯದಾಗಿ, ತೆರೆ ಎಲ್ಲಿಯವರೆಗೆ ಬಂದು ಹೊಡೆಯಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ಇಳಿತದ ಹೊತ್ತಿನಲ್ಲಿ ಬಂದ ಬಿರುತೆರೆ ದೂರದ ಮರಳಿನಲ್ಲಿಯೇ ಒಡೆದು ಸೋಲುತ್ತದೆ. ಅದೇ ತೆರೆ ಮಳೆಗಾಲದ ಅಮಾವಾಸ್ಯೆಯ ತುಂಬು ಉಬ್ಬರದಲ್ಲಿ ಬಂದರೆ ತೆಂಗಿನ ಬುಡಕ್ಕೂ ಮನೆಯ ಜಗಲಿಗೂ ತಲುಪುತ್ತದೆ. ಇದಕ್ಕೆ ಚಂಡಮಾರುತವೂ ಸೇರಿದರೆ ಕಷ್ಟ ಇಮ್ಮಡಿಯಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಗೆ ಅಪ್ಪಳಿಸದೆ ಕಡಲಿನಲ್ಲಿಯೇ ಉತ್ತರಕ್ಕೆ ಸಾಗಿತು. ಆದರೂ ಅದರ ತೆರೆಗಳು ದಂಡೆಯ ರಸ್ತೆಗಳಿಗೂ ಮನೆಗಳಿಗೂ ಹಾನಿಮಾಡಿದುದನ್ನು ನಾವು ಮರೆತಿಲ್ಲ.

ಎರಡನೆಯದಾಗಿ, ಉಬ್ಬರವು ಅಳಿವೆಯ ಬಾಗಿಲನ್ನು ತೆರೆದಿಡುತ್ತದೆ. ದಿನಕ್ಕೆ ಎರಡು ಬಾರಿ ಒಳಹೋಗಿ ಹೊರಬರುವ ನೀರು ಅಳಿವೆಯ ಬಾಯಲ್ಲಿ ಕಟ್ಟುವ ಹೂಳನ್ನು ಗುಡಿಸಿಹಾಕುತ್ತದೆ. ನದಿಯ ಒಳಗೆ ಹಲವು ಮೈಲಿಯವರೆಗೆ ಉಪ್ಪುನೀರು ಏರುವುದೂ ಇದರಿಂದಲೇ. ಈ ನೀರನ್ನು ಶತ್ರುವೆಂದು ತಿಳಿಯದೆ ಅದರೊಡನೆ ಬಾಳುವ ಬಗೆಯನ್ನು ಅಘನಾಶಿನಿಯ ಅಳಿವೆಯ ರೈತರು ಕಂಡುಕೊಂಡಿದ್ದಾರೆ. ಅಲ್ಲಿನ ಗಜನಿ ಭೂಮಿಯಲ್ಲಿ ಮಳೆಯಿಂದ ಉಪ್ಪು ತಿಳಿಯಾದಾಗ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕಗ್ಗವು ಉಪ್ಪನ್ನೂ ಮುಳುಗಡೆಯನ್ನೂ ತಾಳುವ ತಳಿ. ಕೊಯ್ಲಿನ ಬಳಿಕ ಕಟ್ಟೆಯ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟು ಮೀನು ಸೀಗಡಿ ಹಿಡಿಯುತ್ತಾರೆ. ಈ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಅಳಿವೆಯ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ತಮ್ಮ ಬೇರಿನ ಬಲೆಯಲ್ಲಿ ಕೆಸರನ್ನು ಹಿಡಿದು ದಡವನ್ನು ಗಟ್ಟಿಮಾಡುತ್ತವೆ.

ಬಂಡೆಯ ತೀರ, ಮರಳಿನ ತೀರ

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ತೀರ 300 ಕಿಲೋಮೀಟರಿಗಿಂತ ಸ್ವಲ್ಪ ಉದ್ದವಾಗಿದೆ. ಉತ್ತರ ಕನ್ನಡದಲ್ಲಿ ಗುಡ್ಡಗಳು ಹಲವು ಕಡೆ ಕಡಲಿಗೇ ಇಳಿದಿವೆ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಉದ್ದಕ್ಕೂ ನೇರವಾದ ಮರಳುದಂಡೆಯೇ ಹೆಚ್ಚು. ಒಂದೇ ಕಡಲಿನ ದಂಡೆಯಲ್ಲಿ ಇಷ್ಟು ಬೇರೆ ಬೇರೆ ರೂಪಗಳು ಏಕೆ?

ಗುಡ್ಡದ ಮೂಗು ಕಡಲಿಗೆ ಚಾಚಿರುವಲ್ಲಿ ನೀರು ಬೇಗ ಆಳ ಕಳೆದುಕೊಳ್ಳುತ್ತದೆ. ಸಾಲಾಗಿ ಬರುವ ತೆರೆಯ ಆ ಭಾಗ ಅಲ್ಲಿ ನಿಧಾನವಾಗಿ, ಉಳಿದ ಭಾಗ ಮುಂದೆ ಸಾಗಿ, ತೆರೆಯ ಸಾಲು ಬಂಡೆಯ ಸುತ್ತ ಬಾಗುತ್ತದೆ. ಹೀಗೆ ಬಾಗಿದುದರಿಂದ ಶಕ್ತಿಯೆಲ್ಲವೂ ಮೂಗಿನ ಮೇಲೆ ಒಟ್ಟುಗೂಡುತ್ತದೆ. ಎರಡು ಮೂಗುಗಳ ನಡುವಣ ಕೊಲ್ಲಿಯಲ್ಲಿ ಮಾತ್ರ ತೆರೆಗಳು ಹರಡಿಕೊಂಡು ಸೌಮ್ಯವಾಗುತ್ತವೆ. ಆದ್ದರಿಂದ ಬಂಡೆ ಸವೆಯುತ್ತದೆ, ಕೊಲ್ಲಿಯಲ್ಲಿ ಮರಳು ನಿಲ್ಲುತ್ತದೆ. ಗೋಕರ್ಣದ ಬಳಿ ಬಂಡೆಗಳ ಮಧ್ಯೆ ಬಿಲ್ಲಿನಂತೆ ಬಾಗಿದ ಎರಡು ದಂಡೆಗಳು ಸೇರಿ ಓಂಕಾರದ ಆಕಾರ ತಾಳಿರುವುದು ಇಂಥ ಕೆಲಸದಿಂದಲೇ. ದೋಣಿಗಳಿಗೆ ಆಸರೆಯಾದ ಬಂದರುಗಳು ಹಿಂದಿನಿಂದಲೂ ಕೊಲ್ಲಿಗಳನ್ನೂ ಅಳಿವೆಗಳನ್ನೂ ಹುಡುಕಿ ನೆಲೆನಿಂತಿರುವುದಕ್ಕೆ ಇದೇ ಕಾರಣ.

ಬಂಡೆ ಸವೆಯುವುದು ತಲೆಮಾರುಗಳ ಮಾತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸ ತಣಿದು ಆದವು. ತೆರೆಗಳ ಏಟಿಗೆ ಅವು ಇನ್ನೂ ಎದೆಯೊಡ್ಡಿ ನಿಂತಿವೆ. ಮರಳುದಂಡೆಯಾದರೋ ಒಂದೇ ವಾರದಲ್ಲಿ ರೂಪ ಬದಲಿಸಬಲ್ಲುದು.

ಕಡಲಿನ ಮಟ್ಟವೂ ಸದಾ ಒಂದೇ ಆಗಿರಲಿಲ್ಲ. ಸುಮಾರು 20 ಸಾವಿರ ವರ್ಷಗಳ ಹಿಂದೆ ಭೂಮಿಯ ಬಹಳಷ್ಟು ನೀರು ಧ್ರುವಪ್ರದೇಶಗಳಲ್ಲಿ ಹಿಮವಾಗಿ ನಿಂತಿದ್ದಾಗ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ದಂಡೆ ಪಡುವಣದಲ್ಲಿ ಬಹುದೂರದಲ್ಲಿತ್ತು. ಹಿಮ ಕರಗಿ ನೀರು ಏರಿ, ನದೀಕಣಿವೆಗಳ ಬಾಯಿಗಳು ಮುಳುಗಿ, ಇಂದಿನ ಅಳಿವೆಗಳಾದವು. ಇಂದು ನಾವು ಕಾಣುವ ದಂಡೆ ಕೆಲವು ಸಾವಿರ ವರ್ಷಗಳದ್ದು ಮಾತ್ರ.

ಮರಳು ಎಲ್ಲಿಂದ ಬರುತ್ತದೆ?

ದಂಡೆಯ ಮರಳು ಕಡಲಿನಲ್ಲಿಯೇ ಹುಟ್ಟಿತೆಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಚಿಪ್ಪಿನ ಚೂರು ಇರುವುದು ನಿಜ. ಆದರೆ ಹೆಚ್ಚಿನ ಪಾಲು ಸಹ್ಯಾದ್ರಿಯ ಕಲ್ಲು. ಬಿಸಿಲು ಮಳೆಗಳಿಗೆ ಬಿರಿದು ಪುಡಿಯಾದ ಬಂಡೆಯನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ, ಫಲ್ಗುಣಿ, ನೇತ್ರಾವತಿ ಮೊದಲಾದ ನದಿಗಳು ಮಳೆಗಾಲದ ನೆರೆಯಲ್ಲಿ ಹೊತ್ತು ತಂದು ಕಡಲಿಗೆ ಒಪ್ಪಿಸುತ್ತವೆ. ಇದು ದಂಡೆಯ ಲೆಕ್ಕದಲ್ಲಿ ಮುಖ್ಯವಾದ ಜಮಾ.

ನದಿ ತಂದುಕೊಟ್ಟ ಮರಳು ಅಳಿವೆಯ ಬಾಯಲ್ಲಿಯೇ ಕೂರುವುದಿಲ್ಲ. ತೆರೆಗಳು ಸಾಮಾನ್ಯವಾಗಿ ದಂಡೆಗೆ ಓರೆಯಾಗಿ ಬರುತ್ತವೆ. ಒಡೆದ ನೀರು ಮರಳನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ಹಿಂದಿರುಗುವ ನೀರು ಇಳಿಜಾರಿನಲ್ಲಿ ನೇರವಾಗಿ ಕೆಳಗೆ ಎಳೆಯುತ್ತದೆ. ಹೀಗೆ ಪ್ರತಿ ತೆರೆಗೂ ಒಂದೊಂದು ಹೆಜ್ಜೆಯಂತೆ ಮರಳು ದಂಡೆಯ ಉದ್ದಕ್ಕೂ ನಡೆಯುತ್ತದೆ. ಪರೀಕ್ಷಿಸಬೇಕಾದರೆ ಬೇಸಗೆಯ ಶಾಂತ ದಿನದಲ್ಲಿ ದಂಡೆಯಲ್ಲಿ ನಿಂತುಕೊಂಡೇ ಒಂದು ಒಣ ತೆಂಗಿನಕಾಯಿಯನ್ನು ಒಡೆಯುವ ತೆರೆಗೆ ಎಸೆಯಿರಿ. ಐದು ನಿಮಿಷದಲ್ಲಿ ಅದು ಬಡಗಲಿಗೋ ತೆಂಕಲಿಗೋ ಎಷ್ಟು ಮಾರು ಸರಿಯಿತೆಂದು ಎಣಿಸಿದರೆ ಅಂದು ಮರಳಿನ ಪ್ರಯಾಣ ಯಾವ ಕಡೆಗೆಂಬುದು ತಿಳಿಯುತ್ತದೆ. ನಮ್ಮಲ್ಲಿ ಈ ದಿಕ್ಕು ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಸಾಗುತ್ತಿರುವ ಮರಳು ಅಳಿವೆಯ ಬಾಗಿಲಿಗೆ ಬಂದಾಗ ಅಲ್ಲಿ ತೆರೆಯ ಬಿರುಸು ತಗ್ಗಿ, ಮರಳು ನೀರಿನೊಳಗೆ ನಾಲಗೆಯಂತೆ ಬೆಳೆಯುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಕಿರಿದಾದ ಮರಳುಪಟ್ಟಿ. ಇದನ್ನೇ ನಮ್ಮವರು ಬೆಂಗ್ರೆ ಎಂದರು, ತುದಿಯನ್ನು ಕೋಡಿ ಎಂದರು. ಮಂಗಳೂರಿನ ಬೆಂಗ್ರೆ, ಸೀತಾ ಸ್ವರ್ಣಾ ನದಿಗಳು ಕಡಲು ಸೇರುವಲ್ಲಿನ ಕೋಡಿಬೆಂಗ್ರೆ, ಕುಂದಾಪುರದ ಕೋಡಿ, ಹೀಗೆ ಊರ ಹೆಸರೇ ಆ ನೆಲ ಹುಟ್ಟಿದ ಕಥೆಯನ್ನು ಹೇಳುತ್ತದೆ. ತೆರೆ ಕಟ್ಟಿದ ನೆಲವನ್ನು ತೆರೆಯೂ ನೆರೆಯೂ ಸೇರಿ ಕತ್ತರಿಸಬಹುದು, ಅಳಿವೆಯ ಬಾಯಿ ಆಚೀಚೆ ಸರಿಯಬಹುದು. ಬೆಂಗ್ರೆಯಲ್ಲಿ ಮನೆ ಕಟ್ಟುವವರು ಇದನ್ನು ನೆನಪಿನಲ್ಲಿಡಬೇಕು.

ಮಳೆಗಾಲದ ಖರ್ಚು, ಬೇಸಗೆಯ ಜಮಾ

ಜೂನ್ ಬಂತೆಂದರೆ ದಂಡೆ ಕಡಿದಾಗುತ್ತದೆ, ಮರಳು ಮಾಯವಾಗುತ್ತದೆ. ಇದನ್ನು ಕಂಡು ಊರು ಗಾಬರಿಯಾಗುವುದು ಸಹಜ. ಆದರೆ ಆ ಮರಳು ಬಹುಮಟ್ಟಿಗೆ ಕಳೆದುಹೋಗಿಲ್ಲ. ಮಳೆಗಾಲದ ಕಡಿದಾದ ತೆರೆಗಳು ಮೇಲಿನ ಮರಳನ್ನು ಎಳೆದು, ಸ್ವಲ್ಪ ದೂರದಲ್ಲಿ ನೀರಿನಡಿಯಲ್ಲಿ ಒಂದು ದಿಬ್ಬವನ್ನು ಕಟ್ಟುತ್ತವೆ. ಮುಂದೆ ಬರುವ ದೊಡ್ಡ ತೆರೆಗಳು ಈ ದಿಬ್ಬದ ಮೇಲೆಯೇ ಒಡೆದು ದಂಡೆಗೆ ಬರುವಷ್ಟರಲ್ಲಿ ದಣಿದಿರುತ್ತವೆ. ಅಂದರೆ ದಂಡೆಯು ತನ್ನ ಮರಳನ್ನು ಮುಂದೆ ಕಳುಹಿಸಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ನಿಧಾನವಾದ ಉದ್ದ ತೆರೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಬೇಸಗೆಯ ವೇಳೆಗೆ ದಂಡೆ ಮತ್ತೆ ಅಗಲವಾಗುತ್ತದೆ, ಕೈರಂಪಣಿ ಎಳೆಯಲು ಜಾಗ ಸಿಗುತ್ತದೆ.

ದಂಡೆಯ ಹಿಂಬದಿಯ ಮರಳುದಿಬ್ಬವು ಈ ಲೆಕ್ಕದಲ್ಲಿ ಆಪತ್ಕಾಲದ ಗಂಟು. ಸಾಧಾರಣ ವರ್ಷಗಳಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ಮಹಾತೆರೆ ಬಂದ ವರ್ಷ ಅದರಿಂದ ಮರಳನ್ನು ತೆಗೆದುಕೊಂಡು ದಂಡೆ ಬದುಕುತ್ತದೆ. ದಿಬ್ಬವು ಮಳೆಯ ನೀರನ್ನು ಹೀರಿ ಹಿಡಿಯುವುದರಿಂದ ಅದರ ಮಗ್ಗುಲಿನ ಬಾವಿಗಳಲ್ಲಿ ಕಡಲ ಹತ್ತಿರವೂ ಸಿಹಿನೀರು ದೊರೆಯುತ್ತದೆ. ಇಂಥ ದಿಬ್ಬವನ್ನು ಕಡಿದು ಸಮಮಾಡುವುದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ.

ಆದ್ದರಿಂದ ಒಂದು ಮಳೆಗಾಲದಲ್ಲಿ ದಂಡೆ ಕುಗ್ಗಿದ ಮಾತ್ರಕ್ಕೆ ಕಡಲ್ಕೊರೆತವೆಂದು ತೀರ್ಮಾನಿಸಬಾರದು. ಹೋದ ಮರಳು ಬೇಸಗೆಯಲ್ಲಿ ತಿರುಗಿ ಬಂತೇ ಎಂದು ನೋಡಬೇಕು. ಈ ಫೆಬ್ರವರಿಯ ದಂಡೆ ಹಿಂದಿನ ಫೆಬ್ರವರಿಗಿಂತ ಕಿರಿದು, ಅದು ಅದರ ಹಿಂದಿನದಕ್ಕಿಂತ ಕಿರಿದು ಎಂದಾದರೆ ಆಗ ಲೆಕ್ಕದಲ್ಲಿ ನಷ್ಟವಿದೆಯೆಂದು ತಿಳಿಯಬೇಕು.

ಲೆಕ್ಕ ತಪ್ಪುವುದು ಎಲ್ಲಿ?

ಮೊದಲನೆಯ ಕಾರಣ, ಜಮಾ ಕಡಿಮೆಯಾಗುವುದು. ನದಿಗೆ ಅಣೆಕಟ್ಟು ಬಂದಾಗ ನೀರಿನೊಡನೆ ಮರಳೂ ಅಲ್ಲಿ ನಿಲ್ಲುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿಯೂ ಕಾಳಿಗೆ ಸೂಪಾ ಮೊದಲಾದ ಕಡೆಗಳಲ್ಲಿಯೂ ಅಣೆಕಟ್ಟುಗಳಿವೆ. ಅವುಗಳಿಂದ ನಾಡಿಗೆ ವಿದ್ಯುತ್ತು ದೊರೆಯಿತು. ಆದರೆ ಮೇಲ್ಗಡೆಯ ಮರಳಿಗೆ ದಾರಿ ಕಟ್ಟಿತು. ಕಟ್ಟಡಗಳಿಗಾಗಿ ಹೊಳೆಯ ಹೊಯಿಗೆಯನ್ನು ಮಿತಿಮೀರಿ ತೆಗೆದರೂ ದಂಡೆಗೆ ಬರಬೇಕಾದ ಪಾಲು ಅಷ್ಟಕ್ಕಷ್ಟು ತಪ್ಪುತ್ತದೆ.

ಎರಡನೆಯ ಕಾರಣ, ಮರಳಿನ ದಾರಿಗೆ ಅಡ್ಡ ನಿಲ್ಲುವುದು. ಇದನ್ನು ಸ್ಪಷ್ಟವಾಗಿ ನೋಡಬೇಕಾದರೆ ಪೂರ್ವ ಕರಾವಳಿಯ ಕಡೆಗೆ ತಿರುಗಬೇಕು. ಅಲ್ಲಿ ವರ್ಷದ ಹೆಚ್ಚು ಕಾಲ ಮರಳು ತೆಂಕಣಿಂದ ಬಡಗಣಕ್ಕೆ ನಡೆಯುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಬಂದರಿಗಾಗಿ ಕಡಲಿಗೆ ಕಲ್ಲಿನ ಗೋಡೆಗಳನ್ನು ಚಾಚಿದರು. ದಕ್ಷಿಣದಿಂದ ಬಂದ ಮರಳು ಅಲ್ಲಿಯೇ ತಂಗಿ, ಇಂದು ಜನ ತಿರುಗಾಡುವ ವಿಶಾಲವಾದ ಮೆರೀನಾ ದಂಡೆಯಾಯಿತು. ಅದರ ಉತ್ತರಕ್ಕಿರುವ ರಾಯಪುರಂ ಕಡೆಗೆ ಮರಳು ಹೋಗದೆ ಅಲ್ಲಿನ ದಂಡೆಯನ್ನು ಕಡಲು ಕೊರೆಯಿತು. ಒಂದು ಬದಿಯ ಲಾಭ ಇನ್ನೊಂದು ಬದಿಯ ನಷ್ಟವಾಯಿತು. ಪುದುಚೇರಿಯಲ್ಲಿಯೂ 1980ರ ದಶಕದ ಕೊನೆಯ ಹೊತ್ತಿಗೆ ಬಂದರಿನ ಗೋಡೆ ಎದ್ದ ಬಳಿಕ ಪಟ್ಟಣದ ಎದುರಿನ ಮರಳುದಂಡೆ ಕರಗಿಹೋಯಿತು. 2018ರ ಸುಮಾರಿಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಅಲ್ಲಿ ನೀರಿನಡಿಯಲ್ಲಿ ಕೃತಕ ದಿಬ್ಬವೊಂದನ್ನು ಇರಿಸಿದ ಮೇಲೆ ಮರಳು ಮತ್ತೆ ಬಂದು ನಿಂತಿತು.

ನಮ್ಮಲ್ಲಿ ಮರಳಿನ ದಿಕ್ಕು ಋತುವಿಗೊಂದಾಗಿರುವುದರಿಂದ ಇಂಥ ಪರಿಣಾಮವನ್ನು ಅಷ್ಟು ಸುಲಭವಾಗಿ ಗುರುತಿಸಲಾಗದು. ಆದರೂ ಮಂಗಳೂರಿನ ಅಳಿವೆಯ ಎರಡು ಬದಿಗಳನ್ನು ನೋಡಬಹುದು. ನೇತ್ರಾವತಿ ಫಲ್ಗುಣಿ ನದಿಗಳ ಬಾಯಿಯಲ್ಲಿ 1990ರ ದಶಕದಲ್ಲಿ ದೋಣಿಗಳ ಸಂಚಾರಕ್ಕಾಗಿ ಅಲೆತಡೆಗೋಡೆಗಳನ್ನು ಕಟ್ಟಲಾಯಿತು. ಆ ಬಳಿಕ ಉತ್ತರದ ಬೆಂಗ್ರೆಯ ಕಡೆ ಮರಳು ಸೇರುತ್ತ ಬಂದರೆ, ದಕ್ಷಿಣದ ಉಳ್ಳಾಲದ ಕಡೆ ಕೊರೆತ ಹೆಚ್ಚಿತು. ಉಳ್ಳಾಲದ ರಕ್ಷಣೆಗಾಗಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸಬೇಕಾಯಿತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ ಇರುವ ಮರವಂತೆಯಲ್ಲಿಯೂ ದಂಡೆಯಿಂದ ಕಡಲಿಗೆ ಚಾಚಿದ ಕಲ್ಲಿನ ಕಟ್ಟೆಗಳನ್ನು ಹಾಕಲಾಗಿದೆ.

ಮೂರನೆಯ ಕಾರಣ, ಕಡಲಿನ ಮಟ್ಟವೇ ಏರುತ್ತಿರುವುದು. ಭೂಮಿ ಬಿಸಿಯಾಗಿ ಸಮುದ್ರದ ನೀರು ಹಿಗ್ಗುತ್ತಿದೆ, ಹಿಮರಾಶಿ ಕರಗುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿತು. 2006ರಿಂದ 2018ರವರೆಗಿನ ಏರಿಕೆ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್. ಇದು ಅಲ್ಪವೆಂದು ತೋರಬಹುದು. ಆದರೆ ಇಳಿಜಾರು ಕಡಿಮೆಯಿರುವ ಮರಳುದಂಡೆಯಲ್ಲಿ ನೀರು ಒಂದು ಗೇಣು ಏರಿದರೆ ದಂಡೆ ಹಲವು ಮಾರು ಹಿಂದೆ ಸರಿಯುತ್ತದೆ.

ಇವೆಲ್ಲವುಗಳ ಫಲವೇನೆಂದರೆ, 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದಾಗ ಭಾರತದ ಮುಖ್ಯಭೂಮಿಯ ತೀರದ ಮೂರರಲ್ಲಿ ಒಂದು ಪಾಲು ಕೊರೆತಕ್ಕೆ ಸಿಕ್ಕಿದುದು ಕಂಡುಬಂತು. ಕರ್ನಾಟಕದಲ್ಲಿ ಅದು ಕಾಲುಭಾಗದ ಸಮೀಪದಲ್ಲಿದೆ. ಉಳಿದ ತೀರ ಸ್ಥಿರವಾಗಿದೆ ಇಲ್ಲವೆ ಬೆಳೆದಿದೆ.

ಕಲ್ಲುಗೋಡೆಯ ಗುಣದೋಷ

ಕೊರೆತ ಕಂಡೊಡನೆ ನಾವು ಕೇಳುವುದು ಕಲ್ಲುಗೋಡೆಯನ್ನು. ತೆರೆ ಮನೆಯ ಹೊಸ್ತಿಲಿಗೆ ಬಂದಾಗ, ರಸ್ತೆ ಕಡಿದುಹೋಗುವಂತಿದ್ದಾಗ ಕಲ್ಲು ಬೇಕೇಬೇಕು, ಅದನ್ನು ಬೇಡವೆನ್ನಲಾಗದು. ಆದರೆ ಕಲ್ಲು ತನ್ನ ಹಿಂದಿನ ನೆಲವನ್ನು ಕಾಯುತ್ತದೆಯೇ ಹೊರತು ಮುಂದಿನ ದಂಡೆಯನ್ನಲ್ಲ. ಮರಳಿನ ಇಳಿಜಾರಿನಲ್ಲಿ ತೆರೆ ಏರುತ್ತ ಸುಸ್ತಾಗುತ್ತದೆ. ಕಡಿದಾದ ಗೋಡೆಗೆ ಬಡಿದರೆ ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನು ತೋಡುತ್ತದೆ. ಬುಡ ಟೊಳ್ಳಾದಂತೆ ಕಲ್ಲುಗಳು ಕುಸಿಯುತ್ತವೆ, ಮತ್ತೆ ಕಲ್ಲು ಹಾಕಬೇಕಾಗುತ್ತದೆ. ಗೋಡೆಯ ಹಿಂದಿನ ಮರಳು ದಂಡೆಗೆ ಸಿಗದುದರಿಂದ ಗೋಡೆ ಮುಗಿಯುವ ತುದಿಯಲ್ಲಿ, ಅಂದರೆ ಪಕ್ಕದ ಊರಿನಲ್ಲಿ, ಕೊರೆತ ಹೆಚ್ಚುತ್ತದೆ. ನಾಡದೋಣಿಗಳನ್ನು ಎಳೆದು ನಿಲ್ಲಿಸುವುದಕ್ಕೂ ಮೀನು ಒಣಗಿಸುವುದಕ್ಕೂ ಸ್ಥಳವಿಲ್ಲದಂತಾಗುತ್ತದೆ. ಆದುದರಿಂದ ಗೋಡೆಯು ಕೊನೆಯ ಮದ್ದಾಗಬೇಕು, ಮೊದಲನೆಯದಾಗಬಾರದು.

ಗ್ರಾಮಸ್ಥರು ಮಾಡಬಹುದಾದುದು

ಮೊದಲು, ಅಳತೆ. ಕದಲದ ಒಂದು ಗುರುತನ್ನು, ಉದಾಹರಣೆಗೆ ಶಾಲೆಯ ಗೋಡೆಯ ಮೂಲೆಯನ್ನೋ ಹಳೆಯ ಬಾವಿಯ ಕಟ್ಟೆಯನ್ನೋ, ಆರಿಸಿಕೊಳ್ಳಿರಿ. ಅಲ್ಲಿಂದ ಉಬ್ಬರದ ನೀರು ಬಿಟ್ಟುಹೋದ ಕಸದ ಗೆರೆಯವರೆಗಿನ ದೂರವನ್ನು ಪ್ರತಿ ಹುಣ್ಣಿಮೆಯ ಮಾರನೆಯ ದಿನ ಟೇಪಿನಿಂದ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆಯ ಮಕ್ಕಳು ಸಂತೋಷದಿಂದ ಮಾಡುವ ಕೆಲಸವಿದು. ಐದಾರು ವರ್ಷಗಳ ಪುಸ್ತಕವಿದ್ದರೆ ಕಡಲು ಎಷ್ಟು ಕೊಂಡಿತು, ಎಷ್ಟು ಕೊಟ್ಟಿತು ಎಂಬುದನ್ನು ಅಧಿಕಾರಿಗಳ ಮುಂದೆ ಆಧಾರಸಹಿತ ತೋರಿಸಬಹುದು. ಬರಿಯ ಮನವಿಗಿಂತ ಇದರ ಬಲ ಹೆಚ್ಚು.

ಎರಡನೆಯದು, ದಿಬ್ಬದ ರಕ್ಷಣೆ. ಅಡುಂಬು ಬಳ್ಳಿ, ರಾವಣನ ಮೀಸೆ ಎಂಬ ಹುಲ್ಲು, ಮುಂಡುಗ ಇವು ಕೆಲಸಕ್ಕೆ ಬಾರದ ಕಳೆಗಳಲ್ಲ. ಗಾಳಿಗೆ ಹಾರಿಬರುವ ಮರಳನ್ನು ತಡೆದು ದಿಬ್ಬ ಕಟ್ಟುವ ಕೂಲಿಯಿಲ್ಲದ ಕೆಲಸಗಾರರು ಅವು. ಅವನ್ನು ಕೀಳಬಾರದು, ಸುಡಬಾರದು. ದಿಬ್ಬದ ಮೇಲೆ ಓಡಾಡಲು ಒಂದೇ ದಾರಿ ಇಟ್ಟುಕೊಂಡು ಉಳಿದುದನ್ನು ಬೆಳೆಯಲು ಬಿಡಬೇಕು. ಗಾಳಿಮರ, ಸುರಹೊನ್ನೆಗಳನ್ನು ದಿಬ್ಬದ ಹಿಂಬದಿಯಲ್ಲಿ ನೆಡಬಹುದು. ಮರ ಗಾಳಿಯನ್ನು ತಡೆದೀತು. ಬುಡಕ್ಕೇ ಬಂದ ತೆರೆಯನ್ನು ತಡೆಯಲಾರದು.

ಮೂರನೆಯದು, ಮನೆಯ ಜಾಗ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಮೊದಲು 1991ರಲ್ಲಿ ಬಂದು, 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪ ತಾಳಿದವು. 2019ರ ಅಧಿಸೂಚನೆಯಂತೆ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ ಹೊಸ ಕಟ್ಟಡಗಳಿಗೆ ಅವಕಾಶವಿಲ್ಲದ ಪಟ್ಟಿ ಜನಸಾಂದ್ರತೆ ಹೆಚ್ಚಿರುವಲ್ಲಿ 50 ಮೀಟರ್, ಉಳಿದೆಡೆ 200 ಮೀಟರ್. ಈ ನಿಯಮವನ್ನು ಕಿರುಕುಳವೆಂದು ತಿಳಿಯುವವರುಂಟು. ಆದರೆ ಮರಳು ಹಿಂದೆ ಮುಂದೆ ಸರಿಯಲು ಬೇಕಾದ ಅಂಗಳವೇ ಆ ಪಟ್ಟಿ. ನಿಮ್ಮ ಸರ್ವೆ ನಂಬರು ಯಾವ ವರ್ಗದಲ್ಲಿದೆ ಎಂಬುದನ್ನು ಅಸ್ತಿಭಾರ ತೋಡುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸುವುದು ಲೇಸು.

ನಾಲ್ಕನೆಯದು, ಮುನ್ಸೂಚನೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ತೆರೆಗಳ ಬಗೆಗೆ ಮುಂಚಿತವಾಗಿ ಎಚ್ಚರಿಕೆ ನೀಡುತ್ತದೆ. ನಮ್ಮಲ್ಲಿ ಗಾಳಿಯೇ ಇಲ್ಲದ ದಿನವೂ ಬಹುದೂರದ ದಕ್ಷಿಣ ಸಮುದ್ರದ ಬಿರುಗಾಳಿಯಿಂದ ಹೊರಟ ಉದ್ದ ತೆರೆಗಳು ಬಂದು ದಂಡೆಯನ್ನು ಮುಳುಗಿಸಬಹುದು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಎಚ್ಚರಿಕೆ ಬಂದ ದಿನ, ಅದರಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರವಿದ್ದರೆ, ದೋಣಿ ಬಲೆಗಳನ್ನು ಮೇಲಕ್ಕೆ ಸಾಗಿಸಿ ಮಕ್ಕಳು ಮುದುಕರನ್ನು ಹಿಂದಿನ ಮನೆಗಳಿಗೆ ಕಳುಹಿಸಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು, ನೆರೆಹೊರೆಯ ಹೊಂದಾಣಿಕೆ. ಮರಳಿಗೆ ಪಂಚಾಯಿತಿಯ ಎಲ್ಲೆ ತಿಳಿಯದು. ಮೇಲಿನ ಊರಿನವರು ಹೊಳೆಯಲ್ಲಿ ಬಾಚಿದ ಹೊಯಿಗೆ ಕೆಳಗಿನ ಊರಿನ ದಂಡೆಗೆ ಬರಬೇಕಾದುದು. ತೆಂಕಣ ಊರಿನವರು ಹಾಕಿಸಿದ ಕಲ್ಲು ಬಡಗಣ ಊರಿನವರ ತೆಂಗನ್ನು ಉರುಳಿಸಬಹುದು. ಆದುದರಿಂದ ಗೋಡೆ, ಕಟ್ಟೆ, ಬಂದರು ಯಾವುದೇ ಯೋಜನೆ ಬಂದರೂ "ಇದರಿಂದ ನಮಗೆ ಎಷ್ಟು ಉಳಿಯುತ್ತದೆ?" ಎಂಬ ಪ್ರಶ್ನೆಯೊಡನೆ "ಇಲ್ಲಿ ನಿಂತ ಮರಳು ಯಾರಿಗೆ ತಪ್ಪುತ್ತದೆ?" ಎಂಬ ಪ್ರಶ್ನೆಯನ್ನೂ ಗ್ರಾಮಸಭೆಯಲ್ಲಿ ಕೇಳಬೇಕು. ಒಂದೇ ದಂಡೆಯ ಮೇಲಿನ ಊರುಗಳು ಒಟ್ಟಿಗೆ ಕೂತು, ತಮ್ಮ ತಮ್ಮ ಅಳತೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಒಂದೇ ಬೇಡಿಕೆಯನ್ನು ಸಲ್ಲಿಸಲಿ. ಮಳೆಗಾಲದ ನಡುವೆ, ತೆರೆ ಅಂಗಳಕ್ಕೆ ಬಂದ ಮೇಲೆ, ಇಂಥ ಮಾತುಕತೆಗೆ ಸಮಯವಿರುವುದಿಲ್ಲ. ಕಡಲು ಶಾಂತವಾಗಿ ದಂಡೆ ಅಗಲವಾಗಿರುವ ಬೇಸಗೆಯ ತಿಂಗಳುಗಳೇ ಅದಕ್ಕೆ ತಕ್ಕ ಕಾಲ.